‘ಕೇರ್’ ಯಾರ ಮನೆಯಲ್ಲಿತ್ತು

ನಮ್ಮ ಊರಿನಲ್ಲಿ ಇಂಗ್ಲಿಷ್ ಪದಗಳಿಗೆ ಮನೆಗಳುಂಟು. ಒಂದೊಂದು ಪದ ಒಂದೊಂದು ಮನೆಯಲ್ಲಿ ವಾಸ. ಬಾಗಿಲ ಪಕ್ಕ ಕಪ್ಪು ಹಲಗೆಯ ಮೇಲೆ ಸುಣ್ಣದಲ್ಲಿ ಪದದ ಹೆಸರು ಬರೆದು ತೂಗುಹಾಕಿರುತ್ತಾರೆ. ಯುಗಾದಿಗೊಮ್ಮೆ ತೊಳೆದು ಹೊಸದಾಗಿ ಬರೆಯುತ್ತಾರೆ. ಯಾರಾದರೂ ಬಂದು ಅರ್ಥ ಕೇಳಿದರೆ ಮನೆಯವರು ಒಂದು ಲೋಟ ಮಜ್ಜಿಗೆ ಕೊಟ್ಟು ಹೇಳಬೇಕು. ಮನೆಯವರು ಪದವನ್ನು ಸರಿಯಾಗಿ ಸಾಕಿದರೆ ಊರೆಲ್ಲ ಅದನ್ನು ಧಾರಾಳವಾಗಿ ಆಡಬಹುದು. ಸಾಕುವವರು ಕಣ್ಣುಮುಚ್ಚಿ, ಅವರ ಜಾಗಕ್ಕೆ ಯಾರೂ ಬರದಿದ್ದರೆ ಪದ ನಾಲ್ಕೈದು ದಿನಕ್ಕೇ ಬಾಯಿಗೆ ಸಿಗದೆ ತಪ್ಪಿಸಿಕೊಳ್ಳತೊಡಗಿ, ಹದಿಮೂರನೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಊರನ್ನೇ ಬಿಡುತ್ತದೆ. ಆಮೇಲೆ ಬಾಯಿ ತೆರೆದರೆ ಆ ಜಾಗದಲ್ಲಿ ಬರೀ ಗಾಳಿ. ತಂತಿ ಸುದ್ದಿಗೆ ಇದ್ದ ಇಂಗ್ಲಿಷ್ ಹೆಸರು ಹೋದದ್ದು ನನ್ನ ಕಣ್ಣೆದುರಿಗೇ. ಏನು ಹೆಸರು ಎಂದು ಕೇಳಬೇಡಿ, ನನಗೂ ಬರುವುದಿಲ್ಲ.

ನನ್ನ ಹೆಸರು ತೀರ್ಥಪ್ರಸಾದ. ಊರವರು ಕರೆಯುವುದು ‘ಟೇಪು’ ಎಂದು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಮರುದಿನ ಅವರ ಹೆಂಡತಿಯೇ ಮೋಸಹೋಗುವಂತೆ ಮಾತಾಡಬಲ್ಲೆ. ಕಾಲೇಜಿನಲ್ಲಿ ಮೂರು ವರ್ಷ ಇಂಗ್ಲಿಷ್ ಸಾಹಿತ್ಯ ಓದಿದ್ದರಿಂದ ಈಗ ಆಟೋಕ್ಕೆ ಮೈಕು ಕಟ್ಟಿಕೊಂಡು, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಯಾರದೋ ಎಮ್ಮೆ ಕಳೆದಿದೆ ಎಂದು ಸಾರುತ್ತೇನೆ. ನಮ್ಮ ಮನೆಯ ಹಲಗೆಯ ಮೇಲಿರುವ ಪದ ‘ಹಲೋ’. ಹಲೋ ಎಂದ ಮೇಲೆ ಮುಂದೇನು ಎಂಬುದು ನಮ್ಮ ವಂಶದಲ್ಲಿ ಯಾರಿಗೂ ಹೊಳೆದಿಲ್ಲ. ನಾನಂತೂ ಸಂಬಂಧಗಳನ್ನೆಲ್ಲ ಹಲೋದಲ್ಲಿ ಶುರುಮಾಡಿ ಹಲೋದಲ್ಲೇ ಮುಗಿಸಿದವನು.

ಈಗ ಹೇಳಹೊರಟಿರುವುದು ‘ಕೇರ್’ ಎಂಬ ಪದದ ವಿಚಾರ. ಅದು ಮೂವತ್ತು ವರ್ಷದಿಂದ ಪದ್ಮರಾಜಯ್ಯ ಮೇಷ್ಟ್ರ ಮನೆಯಲ್ಲಿತ್ತು. ಹಾಗೆಂದು ಹಲಗೆ ಹೇಳುತ್ತಿತ್ತು. ಮೇಷ್ಟ್ರು ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿ ನಿವೃತ್ತರಾದವರು, ಎಪ್ಪತ್ತೆರಡು ವಯಸ್ಸು, ಬೆನ್ನು ಇನ್ನೂ ಫುಟ್‌ರೂಲರಿನ ಹಾಗೆ ನೆಟ್ಟಗಿದೆ. ನಾವು ಹುಡುಗರು ಅವರನ್ನು ಪದರಾಜಯ್ಯ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ‘ಕೇರ್’ ಎಂದರೇನು ಸಾರ್ ಎಂದು ಕೇಳಿದರೆ ಅವರು ಕನ್ನಡಕ ಒರೆಸಿಕೊಂಡು ಕೂರುತ್ತಿದ್ದರು. ಆ ಒರೆಸುವುದನ್ನೂ ನಾನು ಅಣಕಿಸಬಲ್ಲೆ. ಈ ಪದದ ಅಜ್ಜಿ ಹಳೆಯ ಇಂಗ್ಲಿಷಿನಲ್ಲಿ ಅಳುತ್ತಾ ಕೂತಿದ್ದಳಂತೆ. ಆಗ ಇದರ ಅರ್ಥ ಶೋಕ, ಅಳಲು. ಆಮೇಲೆ ಅಳಲು ಹೋಗಿ ಚಿಂತೆಯಾಯಿತು, ಚಿಂತೆ ಎಚ್ಚರವಾಯಿತು, ಎಚ್ಚರ ಕೊನೆಗೆ ಜೋಪಾನ ಮಾಡುವ ಕೆಲಸವಾಯಿತು. ‘ಕ್ಯೂರ್’ ನೋಡಲು ಇದರ ಅಕ್ಕನ ಹಾಗಿದ್ದರೂ ರಕ್ತಸಂಬಂಧವಿಲ್ಲ, ಅವಳು ಲ್ಯಾಟಿನ್ ಕಡೆಯವಳು. ‘ಕೆರಿಯರ್’ ಅಂತೂ ಗಾಡಿದಾರಿಯಿಂದ ಬಂದವನು, ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಒಂದು ಪದಕ್ಕೆ ಇಷ್ಟು ನೆಂಟರಿಷ್ಟರನ್ನು ಗುರುತಿಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ. ಮದುವೆಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳುವ ಹಿರಿಯರಂತೆ ಅವರು ನಿಘಂಟಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಮಜ್ಜಿಗೆ ಮಾತ್ರ ಬಹಳ ನೀರು.

ಮೇಷ್ಟ್ರ ಮನೆಯ ಕಾಂಪೌಂಡಿನ ಮೂಲೆಯಲ್ಲಿ, ರಸ್ತೆಗೆ ಬಾಗಿಲಿರುವ ಒಂದು ಕೋಣೆ. ಅದು ಚೆಲುವಾಂಬೆಯವರ ಹೊಲಿಗೆ ಅಂಗಡಿ. ಊರಿಗೆಲ್ಲ ಅವರು ಚೆಲುವತ್ತೆ. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಮಷಿನ್ನಿನ ಜೊತೆ ಮೂವತ್ತು ವರ್ಷದ ಹಿಂದೆ ಬಂದವರು. ಅವರ ಹಲಗೆಯ ಮೇಲಿದ್ದ ಪದ ‘ಕಾಲರ್’. ಬಾಯಲ್ಲಿ ಸದಾ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಅವುಗಳ ಸಂದಿಯಿಂದಲೇ ಮಾತಾಡುತ್ತಿದ್ದುದರಿಂದ ಅವರ ಮಾತಿಗೆ ಒಂದು ಸಣ್ಣ ಸೀಟಿ ಇರುತ್ತಿತ್ತು. ಆ ಸೀಟಿ ಹಿಡಿಯಲು ನಾನು ಎರಡು ತಿಂಗಳು ಒದ್ದಾಡಿದ್ದೇನೆ. ಹಿಡಿದ ದಿನ ಅವರ ಅಂಗಡಿಯ ಮುಂದೆ ಆಟೋ ನಿಲ್ಲಿಸಿ ಮೈಕಿನಲ್ಲಿ ಅವರ ದನಿಯಲ್ಲೇ, ರವಿಕೆ ಕೊಟ್ಟವರು ಈ ಜನ್ಮದಲ್ಲಿ ಬಂದು ತೆಗೆದುಕೊಂಡು ಹೋಗತಕ್ಕದ್ದು ಎಂದು ಸಾರಿದೆ. ಅತ್ತೆ ನಕ್ಕು ನಕ್ಕು ಪಿನ್ನು ಉದುರಿಸಿದರು.

“ದನಿ ಬೇಕಾದ್ರೆ ತಗೊಂಡ್ಹೋಗಪ್ಪ, ಪುಕ್ಕಟೆ,” ಎಂದರು. “ಸೂಜಿಗೆ ದಾರ ಪೋಣಿಸೋಕೆ ಯಾವತ್ತು ಬರ್ತೀಯ ಹೇಳು.”

ನಾನು ಹಲೋ ವಂಶದವನು. ನಾಳೆ ಬರ್ತೀನತ್ತೆ ಎಂದು ಆಟೋ ಮುಂದಕ್ಕೆ ಬಿಟ್ಟೆ.

ಆ ಅಂಗಡಿಗೆ ಬಟ್ಟೆಗಿಂತ ಹೆಚ್ಚಾಗಿ ಕಾಗದಗಳು ಬರುತ್ತಿದ್ದವು. ಮನೆಯಿಲ್ಲದವರು, ಮನೆ ಬಿಟ್ಟವರು, ಟೆಂಟಿನಲ್ಲಿ ಮಲಗುವವರು, ಲಾರಿಯಲ್ಲಿ ಮಲಗುವವರು, ಬಳೆ ಮಾರುತ್ತ ಊರೂರು ಸುತ್ತುವವರು, ಎಲ್ಲರೂ ತಮ್ಮ ಹೆಸರಿನ ಕೆಳಗೆ ಬರೆಸುತ್ತಿದ್ದ ವಿಳಾಸ ಒಂದೇ: ಕೇರಾಫ್ ಚೆಲುವಾಂಬೆ, ಹೊಲಿಗೆ ಅಂಗಡಿ. ಅತ್ತೆ ಒಂದು ಹಳೆಯ ಸೀರೆಗೆ ಸಾಲುಸಾಲಾಗಿ ಜೇಬು ಹೊಲಿದು ಗೋಡೆಗೆ ತೂಗುಬಿಟ್ಟಿದ್ದರು. ಒಬ್ಬೊಬ್ಬರಿಗೆ ಒಂದೊಂದು ಜೇಬು. ಓದು ಬಾರದವರೇ ಹೆಚ್ಚಾದ್ದರಿಂದ ಜೇಬಿನ ಮೇಲೆ ಹೆಸರಿನ ಬದಲು ಒಂದೊಂದು ಬಣ್ಣದ ದಾರದ ಹೊಲಿಗೆ. ಬಳೆಗಾರನಿಗೆ ಗಿಳಿಹಸಿರು, ಲಾರಿಯವನಿಗೆ ಇಟ್ಟಿಗೆ ಕೆಂಪು. ಎಲ್ಲೇ ಇರಲಿ, ಊರಿನ ಮೇಲೆ ಹಾದುಹೋಗುವಾಗ ಬಾಗಿಲಲ್ಲಿ ತಲೆಹಾಕಿ ತಮ್ಮ ಬಣ್ಣ ಉಬ್ಬಿದೆಯೇ ಎಂದು ನೋಡುತ್ತಿದ್ದರು. ಉಬ್ಬಿದ್ದರೂ ಅತ್ತೆ ತಕ್ಷಣ ಕೊಡುತ್ತಿರಲಿಲ್ಲ. ಅವರದೊಂದು ನಿಯಮವಿತ್ತು: ಹಸಿದವರ ಕೈಗೆ ಕಾಗದ ಕೊಡಬಾರದು. ಒಳಗೆ ಏನು ಸುದ್ದಿಯಿದೆಯೋ ಯಾರಿಗೆ ಗೊತ್ತು. ಕೆಟ್ಟದ್ದಾದರೆ ಖಾಲಿ ಹೊಟ್ಟೆ ತಡೆಯುವುದಿಲ್ಲ, ಒಳ್ಳೆಯದಾದರೆ ಊಟ ಸೇರುವುದಿಲ್ಲ. ಬಂದವರು ಯಾರೇ ಆಗಲಿ ಮೊದಲ ಪ್ರಶ್ನೆ ಒಂದೇ.

“ಉಂಡ್ಕೊಂಡು ಬಂದ್ಯಾ, ಬರೀ ಬಂದ್ಯಾ?”

ಬರೀ ಬಂದವರಿಗೆ ಮೊದಲು ಅವಲಕ್ಕಿ, ಆಮೇಲೆ ಕಾಗದ. ಈ ಪ್ರಶ್ನೆಯನ್ನು ಸೀಟಿಯ ಸಮೇತ ಹೇಳಿ ನಾನು ಹತ್ತಾರು ಮದುವೆಮನೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಕಾರ್ತಿಕದ ಒಂದು ಬೆಳಿಗ್ಗೆ ಅತ್ತೆ ಮಷಿನ್ನಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಊರು ಅತ್ತಿತು, ಅಳುತ್ತಲೇ ‘ಕಾಲರ್’ ಬಗ್ಗೆ ಚಿಂತೆ ಮಾಡಿತು. ಅತ್ತೆಗೆ ಮಕ್ಕಳಿಲ್ಲ, ಪದ ಹೋದರೆ ಅಂಗಿ ಹೊಲಿಸುವುದು ಹೇಗೆ? ಮೂರನೆಯ ದಿನಕ್ಕೆ ಸಂತೆಬೀದಿಯ ಇನ್ನೊಬ್ಬ ದರ್ಜಿ ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ತನ್ನ ಮನೆಗೆ ತಂದ. ‘ಕಾಲರ್’ ಒಂದು ಕ್ಷಣವೂ ಅಲುಗಾಡದೆ ಅಲ್ಲಿ ನಿಂತಿತು. ನಾವೆಲ್ಲ ಕತ್ತು ಮುಟ್ಟಿ ನೋಡಿಕೊಂಡು ನಿಶ್ಚಿಂತರಾದೆವು.

ಐದನೆಯ ದಿನ ಶಾಲೆಯಲ್ಲಿ ಗಣಿತದ ಮೇಡಂ ಒಬ್ಬ ಹುಡುಗನ ಪುಸ್ತಕ ಎತ್ತಿ ಹಿಡಿದು, ಎಲ್ಲ ಬರೀ... ಎಂದು ಬಾಯಿ ತೆರೆದವರು ಹಾಗೇ ನಿಂತರು. ‘ಕೇರ್‌ಲೆಸ್’ ಬರಲಿಲ್ಲ. ಇಡೀ ತರಗತಿಗೆ ಹಬ್ಬ. ಆರನೆಯ ದಿನ ಛತ್ರದ ಕೇರ್‌ಟೇಕರ್ ತಾನು ಯಾರು ಎಂದು ಹೇಳಲಾರದೆ ಬೀಗದ ಕೈಯನ್ನು ಗಣಪತಿಯ ಪಾದದಲ್ಲಿಟ್ಟು ಮನೆಗೆ ಹೋದ. ಬ್ಯೂಟಿ ಪಾರ್ಲರಿನ ಫಲಕದಲ್ಲಿ ‘ಸ್ಕಿನ್’ ಒಂದೇ ಉಳಿಯಿತು. ಅದನ್ನು ನೋಡಿ ಯಾರೂ ಒಳಗೆ ಹೋಗಲಿಲ್ಲ, ಚಪ್ಪಲಿ ಅಂಗಡಿಯೆಂದುಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಯಾವಾಗಲೂ ಐ ಡೋಂಟ್ ಕೇರ್ ಎನ್ನುತ್ತಿದ್ದ ಒಬ್ಬ ಪೈಲ್ವಾನ ಐ ಡೋಂಟ್ ಎಂದು ನಿಂತ. ಎದುರಿಗಿದ್ದವರು ಮುಂದೇನು ಎಂದು ಸೌಜನ್ಯದಿಂದ ಕಾದರು. ಕೊನೆಗೆ ಅವನೇ ಬೆವರಿ, ಏನಿಲ್ಲ ಬಿಡಿ ಎಂದು ಹೊರಟುಹೋದ.

ಮೇಷ್ಟ್ರಿಗೆ ಏನೋ ಆಗಿದೆ ಎಂದು ಊರಿಗೆ ಊರೇ ಅವರ ಮನೆಗೆ ಓಡಿತು. ಅವರು ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಇಷ್ಟು ಜನರನ್ನು ಕಂಡು, ನಾನಿನ್ನೂ ಇದ್ದೇನಲ್ಲ, ಯಾರು ಕರೆದರು ನಿಮ್ಮನ್ನು ಎಂದು ಕೇಳಿದರು. ವಿಷಯ ತಿಳಿದ ಮೇಲೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ತಮ್ಮ ಮನೆಯ ಪದವನ್ನು ತಾವೇ ಹೇಳಲು ನೋಡಿದರು. ಬಂತು, ಆದರೆ ಬಹಳ ಸಣ್ಣಗೆ, ಬಾವಿಯ ತಳದಿಂದ ಬಂದ ಹಾಗೆ.

ಮೇಷ್ಟ್ರನ್ನು ನಾನು ಎಷ್ಟು ಗೇಲಿ ಮಾಡಿದ್ದರೂ ಅವತ್ತು ಅವರು ಮಾಡಿದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಇನ್ನೊಬ್ಬರಾಗಿದ್ದರೆ ಬಾಗಿಲು ಹಾಕಿಕೊಂಡು ಹಲಗೆಯ ಮೇಲೆ ಇನ್ನಷ್ಟು ಸುಣ್ಣ ಬಳಿಯುತ್ತಿದ್ದರು. ಅವರು ಕೋಲು ಹಿಡಿದು ಎದ್ದು, ಟೇಪು, ನನ್ನ ಜೊತೆ ಬಾ, ಪದ ಎಲ್ಲಿದೆ ಹುಡುಕೋಣ ಎಂದರು. ಬಾವಿ ತೋಡುವವರು ನೀರು ಹುಡುಕುವ ಹಾಗೆ ನಾವಿಬ್ಬರೂ ಬೀದಿ ಬೀದಿ ನಡೆದೆವು. ಹತ್ತು ಹೆಜ್ಜೆಗೊಮ್ಮೆ ಅವರು ನಿಲ್ಲುವುದು, ನಾನು ಒಂದೊಂದು ದನಿಯಲ್ಲಿ ಆ ಪದ ಹೇಳುವುದು. ಸಂತೆಬೀದಿಯಲ್ಲಿ ಶಾನುಭೋಗರ ದನಿಯಲ್ಲಿ ಹೇಳಿದೆ, ಗಾಳಿ ಬಂತು. ಆಸ್ಪತ್ರೆಯ ಮುಂದೆ ಡಾಕ್ಟರ ದನಿಯಲ್ಲಿ ಹೇಳಿದೆ, ಕೆಮ್ಮು ಬಂತು. ಮೇಷ್ಟ್ರ ಮನೆಯ ದೊಡ್ಡ ಬಾಗಿಲಲ್ಲಿ ಅವರದೇ ದನಿಯಲ್ಲಿ ಹೇಳಿದೆ, ಅರ್ಧ ಬಂತು. ಕಾಂಪೌಂಡಿನ ಗೋಡೆ ಹಿಡಿದು ಮೂಲೆಗೆ ಬಂದಂತೆ ಅದು ಗಟ್ಟಿಯಾಗುತ್ತ ಹೋಯಿತು. ಬೀಗ ಹಾಕಿದ್ದ ಹೊಲಿಗೆ ಅಂಗಡಿಯ ಮುಂದೆ ನಿಂತು ‘ಕೇರಾಫ್’ ಎಂದೆ. ಗಂಟೆ ಹೊಡೆದಂತೆ ಬಂತು.

ಮೇಷ್ಟ್ರು ಕೋಲಿನಿಂದ ಆ ಬಾಗಿಲನ್ನು ಮೆಲ್ಲಗೆ ತಟ್ಟಿದರು. ಆಮೇಲೆ ಹೇಳಿದರು: ಮೂವತ್ತು ವರ್ಷದ ಹಿಂದೆ ಈ ಪದ ಊರಿಗೆ ಬಂದಾಗ ಹಿರಿಯರು ಹೀಗೆಯೇ ಹುಡುಕುತ್ತ ನಮ್ಮ ಕಾಂಪೌಂಡಿನ ತನಕ ಬಂದರು. ದೊಡ್ಡ ಬಾಗಿಲಿತ್ತು, ಒಳಗೆ ದೊಡ್ಡ ನಿಘಂಟಿತ್ತು. ಮೂಲೆಯ ತನಕ ನಡೆಯುವುದು ಯಾಕೆ ಎಂದು ಇಲ್ಲೇ ಹಲಗೆ ಹೊಡೆದರು. ನಾನೂ ಬೇಡ ಎನ್ನಲಿಲ್ಲ.

ಇಷ್ಟೂ ದಿನ ಆ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿರುವುದನ್ನು ನಾವು ಕಂಡೂ ಕಾಣದಂತಿದ್ದೆವು. ಹುಲಿಗೆವ್ವ. ಬಡಗಣ ಸೀಮೆಯಿಂದ ರಸ್ತೆಗೆ ಡಾಂಬರು ಹಾಕುವ ಗುಂಪಿನ ಜೊತೆ ಬಂದವಳು. ಮೂವತ್ತರ ಒಳಗಿನ ವಯಸ್ಸು, ಮೊಣಕೈವರೆಗೂ ಡಾಂಬರಿನ ಕಲೆ. ಹಗಲು ರಸ್ತೆ ಮಾಡಿ, ಸಂಜೆ ಅತ್ತೆಯ ಅಂಗಡಿಯಲ್ಲಿ ಪಾಠ ಹೇಳಿಸಿಕೊಂಡು ಏಳನೆಯ ತರಗತಿ ಪಾಸಾಗಿದ್ದಳು. ಜಿಲ್ಲಾ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಅರ್ಜಿ ಹಾಕಿ, ಸಂದರ್ಶನಕ್ಕೂ ಹೋಗಿಬಂದಿದ್ದಳು. ಆದೇಶ ಅಂಚೆಯಲ್ಲಿ ಬರುತ್ತದೆ, ಬಂದ ಮೂರು ದಿನದೊಳಗೆ ಹಾಜರಾಗದಿದ್ದರೆ ಕೆಲಸ ಮುಂದಿನವರಿಗೆ ಎಂದು ಹೇಳಿ ಕಳಿಸಿದ್ದರು. ಅವಳು ಕೊಟ್ಟಿದ್ದ ವಿಳಾಸ ಕೇರಾಫ್ ಚೆಲುವಾಂಬೆ. ಅವಳ ಜೇಬಿಗೆ ಅರಿಶಿನದ ಬಣ್ಣದ ದಾರ.

ನಮ್ಮ ಊರಿನ ಅಂಚೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಂಚೆಯ ದಾವಲ್ ಸಾಬರು ಬಾಗಿಲಲ್ಲಿ ನಿಂತು ವಿಳಾಸವನ್ನು ಪೂರ್ತಿ ಗಟ್ಟಿಯಾಗಿ ಓದುತ್ತಾರೆ. ಒಳಗಿನವರು ಇದ್ದೀನಿ ಎನ್ನಬೇಕು. ಆಮೇಲೇ ಕಾಗದ ಕೈಬಿಡುವುದು. ಓದಲಾಗದ ವಿಳಾಸದ ಕಾಗದ ಬಂದ ದಾರಿಗೇ ವಾಪಸು. ಅವರ ಅಪ್ಪನೂ ಹಾಗೆಯೇ ಮಾಡಿದ್ದು, ತಾತನೂ ಹಾಗೆಯೇ. ಪದ ಊರು ಬಿಟ್ಟರೆ ಹುಲಿಗೆವ್ವನ ಆದೇಶ ಓದಲಾಗದ ಕಾಗದವಾಗುತ್ತದೆ. ಅವಳೊಬ್ಬಳದೇ ಅಲ್ಲ, ಆ ಸೀರೆಯ ಮೇಲಿನ ಬಣ್ಣಗಳೆಲ್ಲ ಅವತ್ತಿನಿಂದ ಎಲ್ಲಿಯೂ ಇಲ್ಲದವರಾಗುತ್ತಾರೆ.

ಹದಿಮೂರನೆಯ ದಿನ ಬೆಳಿಗ್ಗೆ ಊರೆಲ್ಲ ಚಾವಡಿಯಲ್ಲಿ ಸೇರಿತು. ಒಡೆಯರಿಲ್ಲದ ಪದವನ್ನು ಬೇಕಾದವರು ಅಲ್ಲಿ ಕಲ್ಲಿನ ಮೇಲೆ ನಿಂತು ಕರೆಯಬಹುದು. ಒಲಿದರೆ ಅವರ ಮನೆಗೆ ಹೋಗುತ್ತದೆ. ಮೊದಲು ಮೇಷ್ಟ್ರು ನಿಂತರು. ಅವರು ಆ ದಿನ ಮಾತಾಡಿದ ಹಾಗೆ ಕಾಲೇಜಿನಲ್ಲಿ ಒಂದು ದಿನವೂ ಮಾತಾಡಿರಲಿಲ್ಲ. ಶೋಕದಿಂದ ಹಿಡಿದು ಜೋಪಾನದವರೆಗೆ ಪದದ ವಂಶವನ್ನೆಲ್ಲ ಹೇಳಿದರು. ಹಣ್ಣು ಮಾರುವವರೂ ತಕ್ಕಡಿ ಬಿಟ್ಟು ಕೇಳಿದರು. ಮುಗಿಸಿ ಪದವನ್ನು ಕರೆದರು. ಗಾಳಿ ಬಂತು. ಅವರು ನಕ್ಕರು. ನಾನು ಎಂದೂ ಅಣಕಿಸಲಾರದ ನಗು ಅದು.

“ಇದಕ್ಕೊಬ್ಬಳು ಮಗಳಿದ್ದಾಳೆ,” ಎಂದರು. “ಹೆಸರು ‘ಚೇರಿ’. ತಿನ್ನೋ ಹಣ್ಣಲ್ಲ, ಸಿ ಎಚ್ ಎ ಆರ್ ವೈ. ಹುಟ್ಟಿದಾಗ ದುಃಖದವಳು, ಬೆಳೀತಾ ಬೆಳೀತಾ ಅನುಮಾನದವಳಾದಳು, ಕೊನೆಗೆ ಕೊಡೋಕೆ ಕೈ ಬಾರದವಳು. ಮೂವತ್ತು ವರ್ಷ ನನ್ನ ಮನೇಲಿದ್ದೋಳು ಅವಳೇ. ಮುಖ ಒಂದೇ ಥರ ಇತ್ತು, ನಾನು ತಾಯಿ ಅಂದ್ಕೊಂಡೆ.”

ಅವರು ಕಲ್ಲಿನಿಂದ ಇಳಿದು, ನೀನು ಹೋಗು ಎಂಬಂತೆ ನನ್ನ ಕಡೆ ನೋಡಿದರು. ಜನವೂ ನೋಡಿತು. ಎಲ್ಲರ ತಲೆಯಲ್ಲೂ ಒಂದೇ ಯೋಚನೆ: ಅತ್ತೆಯ ದನಿ ಟೇಪಿನ ಹತ್ತಿರ ಇದೆಯಲ್ಲ. ನನಗೂ ಅದೇ ಹೆಮ್ಮೆ. ಕಲ್ಲು ಹತ್ತಿದೆ. ಪಿನ್ನು ಕಚ್ಚಿದ ಹಾಗೆ ತುಟಿ ಬಿಗಿದು, ಸೀಟಿಯ ಸಮೇತ, ಉಂಡ್ಕೊಂಡು ಬಂದ್ಯಾ ಬರೀ ಬಂದ್ಯಾ ಎಂದೆ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದೇ ದನಿಯಲ್ಲಿ ‘ಕೇರಾಫ್’ ಎಂದೆ. ಬಂತು. ಸ್ಪಷ್ಟವಾಗಿ ಬಂತು. ಜನ ಓ ಎಂದು ಎದ್ದು ನಿಂತರು. ಖುಷಿಯಲ್ಲಿ ನನ್ನ ದನಿಯಲ್ಲಿ ಇನ್ನೊಮ್ಮೆ ಹೇಳಹೋದೆ. ಗಾಳಿ. ಮತ್ತೆ ಅತ್ತೆಯ ದನಿಗೆ ಹೋದೆ. ಈಗ ಅಲ್ಲೂ ಗಾಳಿ. ತನ್ನವರು ಕರೆದರೆಂದು ಬಾಗಿಲ ತನಕ ಬಂದು, ಮುಖ ನೋಡಿ ಹೊರಟುಹೋದಂತಿತ್ತು.

ಎಲ್ಲರೂ ತಲೆ ತಗ್ಗಿಸಿದರು. ಹುಲಿಗೆವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ದನಿ ಅಕ್ಕಂದ ಐತ್ರಿ ಅಣ್ಣಾರ, ಇಲ್ಲ ಅನ್ನಂಗಿಲ್ಲ,” ಎಂದಳು. “ಆದ್ರ ಅಕ್ಕ ಬಂದಾರನ್ನ ನೋಡಿ ಕೇಳ್ತಿದ್ಲು. ನೀವು ಮಂದೀನ್ನ ನೋಡಿ ಕೇಳಿದ್ರಿ.”

ನನ್ನನ್ನು ಅಣಕಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಅಣಕಿಸಲೂ ಇಲ್ಲ, ಕನ್ನಡಿ ಹಿಡಿದಳು ಅಷ್ಟೇ. ಕಲ್ಲಿನಿಂದ ಇಳಿದು ಸೀದಾ ನಡೆದೆ. ಆಟೋ ಚಾವಡಿಯ ಮುಂದೆಯೇ ನಿಂತಿತ್ತು, ಮೈಕೂ ಅದರ ಮೇಲೆಯೇ ಇತ್ತು. ಯಾವ ದನಿಯೂ ಬೇಡವೆನಿಸಿತ್ತು.

ಕಾಲು ಎಲ್ಲಿಗೆ ಹೋಯಿತೆಂದರೆ ಹೊಲಿಗೆ ಅಂಗಡಿಗೆ. ಮೇಷ್ಟ್ರಿಂದ ಕೀಲಿ ಇಸಿದುಕೊಂಡು ಬಾಗಿಲು ತೆಗೆದೆ. ಎರಡು ವಾರದ ಧೂಳು. ಮಷಿನ್ನಿನ ಮೇಲೆ ಅರ್ಧ ಹೊಲಿದ ಒಂದು ರವಿಕೆ, ಸೂಜಿಯಿಂದ ಜಾರಿದ ದಾರ. ಗೋಡೆಯ ಮೇಲೆ ಜೇಬಿನ ಸೀರೆ. ಏಳು ಜೇಬುಗಳು ಉಬ್ಬಿದ್ದವು. ಅತ್ತೆ ಹೋಗುವ ಮೊದಲು ಬಂದ ಕಾಗದಗಳು, ಒಡೆಯರು ಇನ್ನೂ ಬಂದಿರಲಿಲ್ಲ. ಅರಿಶಿನದ ದಾರದ ಜೇಬು ಚಪ್ಪಟೆಯಾಗಿತ್ತು. ಕಸ ಗುಡಿಸಿದೆ. ಒಲೆ ಒರೆಸಿದೆ. ಡಬ್ಬ ಅಲ್ಲಾಡಿಸಿ ನೋಡಿದರೆ ಎರಡು ಹಿಡಿ ಅವಲಕ್ಕಿಯಿತ್ತು. ಮಾಡಲು ಬೇರೇನೂ ಉಳಿಯದಿದ್ದಾಗ ಆ ಸೂಜಿಗೆ ದಾರ ಪೋಣಿಸಲು ಕೂತೆ. ಒಂಬತ್ತು ಸಲ ತಪ್ಪಿತು. ನಾಳೆ ಬರ್ತೀನತ್ತೆ ಎಂದು ನಾನು ಎಷ್ಟು ಸಲ ಹೇಳಿದ್ದೆ ಎಂದು ಲೆಕ್ಕ ಹಾಕಲು ಹೋಗಲಿಲ್ಲ. ಹತ್ತನೆಯ ಸಲ ದಾರ ಹೋಯಿತು.

ತಲೆ ಎತ್ತಿದರೆ ಬಿಸಿಲು ಕೆಂಪಾಗಿತ್ತು. ಹುಲಿಗೆವ್ವ ಎಂದಿನಂತೆ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ರಸ್ತೆಯ ಆ ಕಡೆಯಿಂದ ದಾವಲ್ ಸಾಬರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಅವರ ಹಿಂದೆ ಸ್ವಲ್ಪ ದೂರದಲ್ಲಿ ಊರು. ಅವರ ಕೈಯಲ್ಲಿ ಉದ್ದನೆಯ ಕಂದು ಲಕೋಟೆ. ಮಧ್ಯಾಹ್ನದ ಬಸ್ಸಿಗೆ ಬಂದಿದೆ, ನಾನು ಆಗಿನಿಂದ ದಾರಿಯುದ್ದಕ್ಕೂ ಓದಲು ನೋಡುತ್ತಿದ್ದೇನೆ, ಆ ಒಂದು ಪದದ ಹತ್ತಿರ ನಾಲಿಗೆ ನಿಲ್ಲುತ್ತದೆ, ಈಗ ಈ ಬಾಗಿಲಿಗೆ ಬಂದರೂ ಅಷ್ಟೇ ಎಂದರು. ಸೂರ್ಯ ಇರುವ ತನಕ ಇಟ್ಟುಕೊಳ್ಳುತ್ತೇನೆ, ಆಮೇಲೆ ವಾಪಸಿನ ಚೀಲಕ್ಕೆ ಹಾಕದೆ ನನಗೆ ಬೇರೆ ದಾರಿಯಿಲ್ಲ ಎಂದರು. ಹೇಳುವಾಗ ಅವರು ಹುಲಿಗೆವ್ವನ ಮುಖ ನೋಡಲಿಲ್ಲ.

ಹುಲಿಗೆವ್ವ ಎದ್ದು ನಿಂತಳು. ಲಕೋಟೆಯನ್ನು ನೋಡಿದಳು. ಕೈ ಚಾಚಲಿಲ್ಲ, ಆದರೆ ಡಾಂಬರಿನ ಕಲೆಯ ಆ ಕೈ ತಾನಾಗಿಯೇ ಸೀರೆಗೆ ಒರೆಸಿಕೊಳ್ಳುತ್ತಿತ್ತು. ಅವಳ ತುಟಿ ಒಣಗಿ ಬಿರುಕುಬಿಟ್ಟಿತ್ತು. ನನಗೆ ಆಗ ಕಂಡದ್ದು ಅದೊಂದೇ. ಚಾವಡಿ, ಜನ, ಪದ, ಮುಳುಗುವ ಸೂರ್ಯ ಯಾವುದೂ ಕಾಣಲಿಲ್ಲ.

“ಬೆಳಗ್ಗೆಯಿಂದ ಏನಾದ್ರೂ ತಿಂದ್ಯೇನಮ್ಮ?” ಎಂದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. ನಿನ್ನೆಯಿಂದಲೇ ಇಲ್ಲ ಎಂದು ಮೆಲ್ಲಗೆ ಹೇಳಿದಳು. ಒಳಗೆ ಬಂದು ಕೂರು, ಮೊದಲು ಊಟ ಎಂದೆ. ದಾವಲ್ ಸಾಬರು ಸೂರ್ಯನ ಕಡೆ ಕೈ ತೋರಿಸಿ, ತೀರ್ಥಪ್ಪ, ಹೊತ್ತಿಲ್ಲ ಎಂದರು. ಕಾಗದ ಎಲ್ಲೂ ಹೋಗಲ್ಲ ಸಾಬರೆ, ಅವಳು ಉಂಡ ಮೇಲೆ ಓದಿ ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಆದರೂ ಅವಲಕ್ಕಿ ತೊಳೆದೆ. ತೊಳೆದ ಮೇಲೆ ಗೊತ್ತಾಯಿತು, ಕಲಸಲು ಏನೂ ಇಲ್ಲ. ಹಾಲಿಲ್ಲ, ಮೊಸರಿಲ್ಲ, ಉಪ್ಪಿನ ಮರಿಗೆಯಲ್ಲಿ ಉಪ್ಪೂ ಇಲ್ಲ.

ಆಗ ಗುಂಪು ಸರಿದು ದಾರಿ ಬಿಟ್ಟಿತು. ಪದ್ಮರಾಜಯ್ಯ ಮೇಷ್ಟ್ರು ಕೋಲು ಬಿಟ್ಟು, ಎರಡೂ ಕೈಯಲ್ಲಿ ಮೊಸರಿನ ಗಡಿಗೆ ಹಿಡಿದುಕೊಂಡು ಬರುತ್ತಿದ್ದರು. ಮೂವತ್ತು ವರ್ಷದಲ್ಲಿ ಆ ಮನೆಯಿಂದ ನೀರು ಮಜ್ಜಿಗೆಯಲ್ಲದೆ ಬೇರೇನೂ ಹೊರಗೆ ಬಂದದ್ದನ್ನು ಊರು ಕಂಡಿರಲಿಲ್ಲ. ಅವರು ಗಡಿಗೆಯನ್ನು ನನ್ನ ಪಕ್ಕ ಇಟ್ಟು, ಸೊಂಟದಿಂದ ಉಪ್ಪಿನ ಪೊಟ್ಟಣ ತೆಗೆದು ಕೊಟ್ಟು, ಕೆನೆಯನ್ನೂ ಹಾಕು ಎಂದಷ್ಟೇ ಹೇಳಿದರು.

ಹುಲಿಗೆವ್ವ ಉಂಡಳು. ಮೊದಲ ತುತ್ತನ್ನು ನೀರು ಕುಡಿದು ನುಂಗಿದಳು. ಆಮೇಲೆ ಹಸಿದವರು ಉಣ್ಣುವ ಹಾಗೆ ಉಂಡಳು. ಊರು ಬೀದಿಯಲ್ಲಿ ನಿಂತು ಒಬ್ಬ ಹೆಂಗಸು ಊಟ ಮುಗಿಸುವುದನ್ನು ಕಾಯಿತು. ನಾನು ಇನ್ನೊಂದು ಸಲ ಬಡಿಸಿದೆ. ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಅರ್ಧ ಹೋಗಿದ್ದ. ಅವಳು ತಟ್ಟೆ ತೊಳೆಯಲು ಎದ್ದಳು. ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡೆ.

ದಾವಲ್ ಸಾಬರು ಹೊಸ್ತಿಲಲ್ಲಿ ನಿಂತು ಲಕೋಟೆ ಎತ್ತಿ ಹಿಡಿದರು.

“ಹುಲಿಗೆವ್ವ,” ಎಂದು ಓದಿದರು. ನಿಂತರು. ಕಣ್ಣು ಮುಚ್ಚಿದರು. “ಕೇರಾಫ್ ಚೆಲುವಾಂಬೆ, ಹೊಲಿಗೆ ಅಂಗಡಿ.” ಕಣ್ಣು ತೆರೆದು ನನ್ನನ್ನು ನೋಡಿದರು. “ಇದ್ದಾರಾ?”

ನನ್ನ ಹತ್ತಿರ ಎಪ್ಪತ್ತು ದನಿಗಳಿವೆ. ಅತ್ತೆಯದು ಎಲ್ಲಕ್ಕಿಂತ ಮೇಲೆ ಇತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದೆ. ಅದರ ಕೆಳಗಿನದನ್ನೂ, ಅದರ ಕೆಳಗಿನದನ್ನೂ ಸರಿಸಿದೆ. ತಳದಲ್ಲಿ ಬಹಳ ಕಾಲ ಬಳಸದೆ ಸ್ವಲ್ಪ ತುಕ್ಕು ಹಿಡಿದಿದ್ದ ಒಂದು ಸಿಕ್ಕಿತು.

“ಇದ್ದೀನಿ,” ಎಂದೆ.

ಸಾಬರು ಕಾಗದ ಕೈಬಿಟ್ಟರು. ನಾನು ಅದನ್ನು ಮೊದಲು ಅರಿಶಿನದ ದಾರದ ಜೇಬಿಗೆ ಹಾಕಿದೆ, ಅಲ್ಲಿಂದ ತೆಗೆದು ಅವಳಿಗೆ ಕೊಟ್ಟೆ. ಪದ್ಧತಿ ಪದ್ಧತಿಯೇ. ಅವಳು ಬಿಚ್ಚಿ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ತಾನೇ ಓದಿದಳು. ಎರಡನೆಯ ಸಲ ಓದಿದಳು. ಆಮೇಲೆ ಗೋಡೆಗೆ ಒರಗಿ, ಅತ್ತೆ ಸತ್ತ ದಿನವೂ ಅಳದಿದ್ದವಳು ಅತ್ತಳು. ಮೇಷ್ಟ್ರು ನನ್ನ ಕಿವಿಯಲ್ಲಿ, ನೋಡು, ಪದದ ಅಜ್ಜಿಯೂ ಬಂದಳು ಎಂದರು. ಬೀದಿಯಲ್ಲಿ ಪೈಲ್ವಾನ ಮೆಲ್ಲಗೆ ಐ ಡೋಂಟ್ ಕೇರ್ ಎಂದು ಹೇಳಿ ನೋಡಿ, ಪೂರ್ತಿ ಬಂದದ್ದಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದ.

ಮರುದಿನ ಮೊದಲ ಬಸ್ಸಿಗೆ ಹುಲಿಗೆವ್ವ ಹೊರಟಳು. ಇನ್ನು ನನಗೆ ವಿಳಾಸ ಐತಿ, ಆದ್ರೂ ಆ ದಾರ ಬಿಚ್ಚಬ್ಯಾಡ್ರಿ ಎಂದು ಹೇಳಿ ಹೋದಳು. ಬಿಚ್ಚಿಲ್ಲ. ಮೇಷ್ಟ್ರು ತಮ್ಮ ಹಲಗೆಯನ್ನು ತಾವೇ ಇಳಿಸಿ, ತೊಳೆದು, ‘ಚೇರಿ’ ಎಂದು ದೊಡ್ಡದಾಗಿ ಬರೆದು ಮತ್ತೆ ತೂಗುಹಾಕಿದರು. ಅರ್ಥ ಕೇಳಲು ಹೋದವರಿಗೆ ಈಗ ಗಟ್ಟಿ ಮಜ್ಜಿಗೆ ಸಿಗುತ್ತದೆ, ಒಗ್ಗರಣೆಯೂ ಇರುತ್ತದೆ; ಪಾಪ, ಆ ಪದ ಇನ್ನು ಎಷ್ಟು ದಿನ ಆ ಮನೆಯಲ್ಲಿ ನಿಲ್ಲುತ್ತದೋ ಕಾಣೆ. ಅಂಗಡಿಗೆ ಹಲಗೆ ಬೇಡವೆಂದೆ. ಜೇಬಿನ ಸೀರೆ ರಸ್ತೆಗೆ ಕಾಣುತ್ತದಲ್ಲ, ಸಾಕು. ಬೆಳಿಗ್ಗೆ ಮೈಕು, ಮಧ್ಯಾಹ್ನದ ಮೇಲೆ ಮಷಿನ್ನು. ನಾನು ಹೊಲಿದ ಕಾಲರುಗಳನ್ನು ನೋಡಿದವರು ಆ ಪದ ನನ್ನ ಮನೆಗೆ ಬಾರದೆ ಒಳ್ಳೆಯದಾಯಿತು ಎನ್ನುತ್ತಾರೆ.

ಮೊನ್ನೆ ಊರೆಲ್ಲ ಎಮ್ಮೆಯೊಂದರ ಸುದ್ದಿ ಸಾರಿ, ಗಂಟಲು ಒಣಗಿ, ಕಾಗದಗಳ ಕಟ್ಟು ತರಲು ಅಂಚೆಮನೆಗೆ ಹೋದೆ. ಕಟ್ಟಿನ ಮೇಲುಗಡೆಯೇ ಒಂದು ನೀಲಿ ಕಾಗದ, ಬೆರಳಿಟ್ಟು ಬರೆದಂತಹ ದಪ್ಪ ಅಕ್ಷರ, ಜಿಲ್ಲಾ ಆಸ್ಪತ್ರೆಯ ವಾರ್ಡಿನಿಂದ. ಹೆಸರು ನನ್ನದೇ. ನನಗೆ ಜನ್ಮದಲ್ಲಿ ಯಾರೂ ಕಾಗದ ಬರೆದಿರಲಿಲ್ಲ. ಕೈ ಚಾಚಿದೆ. ದಾವಲ್ ಸಾಬರು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದರು.

“ಉಂಡ್ಕೊಂಡು ಬಂದ್ಯಾ,” ಎಂದರು, “ಬರೀ ಬಂದ್ಯಾ?”